ಹೊಗೆಗೆ ಕೂಗುವ ಗಂಟೆ: ಒಂದು ಸಣ್ಣ ಕಾರಖಾನೆಯ ಕಥೆ

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಇಚಲಕರಂಜಿ ಪಟ್ಟಣದ ಮಗ್ಗುಲಿಗೆ ಯಡ್ರಾವ ಎಂಬ ಊರಿದೆ. ಕತ್ತಲೆಯಲ್ಲಿ ಆ ಕಡೆಗೆ ಹೊರಟ ದಾರಿಹೋಕನಿಗೆ ದಾರಿ ತೋರಲು ದೀಪ ಬೇಡ; ಯಂತ್ರಮಗ್ಗಗಳ ಸಪ್ಪಳವೇ ಸಾಕು. ಇಚಲಕರಂಜಿಯ ಜಹಗೀರದಾರರಾಗಿದ್ದ ನಾರಾಯಣರಾವ ಬಾಬಾಸಾಹೇಬ ಘೋರ್ಪಡೆಯವರ ಕಾಲದಲ್ಲಿ, 1904ರಲ್ಲಿ, ವಿಠ್ಠಲರಾವ ದಾತಾರರು ಅಲ್ಲಿ ಮೊದಲನೆಯ ಯಂತ್ರಮಗ್ಗವನ್ನು ಹೂಡಿದರು. ಆ ಒಂದು ಮಗ್ಗದಿಂದ ಬೆಳೆದ ಉದ್ಯೋಗವು ಇಂದು ಊರೂರಿಗೆ ಹಬ್ಬಿದೆ. ಯಡ್ರಾವದ ಪಾರ್ವತಿ ಔದ್ಯೋಗಿಕ ವಸಾಹತು ಅದರ ಒಂದು ಕೊಂಬೆ. ನೂಲಿನ ಗಿರಣಿಯನ್ನು ಇಲ್ಲಿಯ ಜನ ಸೂತಗಿರಣಿ ಎನ್ನುತ್ತಾರೆ. ಗಡಿಯ ಈಚೆ ಆಚೆಯ ಎಷ್ಟೋ ಕನ್ನಡ ಮನೆಗಳ ಒಲೆ ಉರಿಯುವುದು ಈ ಹತ್ತಿ, ಈ ನೂಲು, ಈ ಮಗ್ಗಗಳಿಂದಲೇ.

ಆದರೆ ಒಲೆಯನ್ನು ಉರಿಸುವ ಹತ್ತಿಯೇ ಬೆಂಕಿಗೆ ಅತ್ಯಂತ ಪ್ರಿಯವಾದ ಆಹಾರವೂ ಆಗಿದೆ. 2025ರ ಮೇ 18ರ ನಸುಕಿನಲ್ಲಿ ಸೋಲಾಪುರದ ಔದ್ಯೋಗಿಕ ಪ್ರದೇಶದಲ್ಲಿ ಟವೆಲು ನೇಯುವ ಒಂದು ಕಾರಖಾನೆಗೆ ಬೆಂಕಿ ಬಿದ್ದು 8 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಒಂದು ಹಸುಗೂಸೂ ಇತ್ತು. ಈ ಸುದ್ದಿಯನ್ನು ತರಗತಿಯಲ್ಲಿ ಹೇಳಿದಾಗ ನನ್ನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಗುರುಗಳ, ಎಲ್ಲಾರೂ ಮಲಗಿದಾಗ ಬೆಂಕಿ ಹತ್ತಿದ್ರ ಯಾರು ಎಬ್ಬಸ್ತಾರ್ರಿ?" ಎಂದು ಕೇಳಿದನು. ಅವನ ತಂದೆ ರಾತ್ರಿಯ ಪಾಳಿಯ ಮಗ್ಗದ ಕೆಲಸಗಾರ. ಅವನ ಮನೆಯೂ ಮಗ್ಗದ ಶೆಡ್ಡಿಗೆ ಹೊಂದಿಕೊಂಡೇ ಇದೆ. ಆ ಕ್ಷಣದಲ್ಲಿ ನನ್ನಿಂದ ಸರಿಯಾದ ಉತ್ತರ ಹೊರಡಲಿಲ್ಲ. ಈ ಲೇಖನವು ಅವನಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲು ಹತ್ತಿಯ ಬೆಂಕಿಯ ಸ್ವಭಾವವನ್ನು ಅರಿಯಬೇಕು. ಹುಲ್ಲಿನ ಬಣವೆಗೆ ಬೆಂಕಿ ಹತ್ತಿದರೆ ಊರಿಗೆಲ್ಲ ಕಾಣುತ್ತದೆ. ಬಿಗಿದು ಕಟ್ಟಿದ ಹತ್ತಿಯ ಬೇಲಿಗೆ ಹತ್ತಿದ ಕಿಡಿಯಾದರೋ ಒಳಗೊಳಗೇ, ಬೂದಿ ಮುಚ್ಚಿದ ಕೆಂಡದಂತೆ, ಗಂಟೆಗಟ್ಟಲೆ ಕನಲುತ್ತಿರುತ್ತದೆ. ಜ್ವಾಲೆ ಹೊರಗೆ ಬರುವ ಹೊತ್ತಿಗೆ ನೀರು ಹೊತ್ತು ಓಡುವವನ ಶ್ರಮ ವ್ಯರ್ಥವಾಗುತ್ತದೆ. ಆದುದರಿಂದ ಹತ್ತಿಯ ನಾಡಿನಲ್ಲಿ ಬೆಂಕಿಯನ್ನು ಆರಿಸುವ ವಿದ್ಯೆಗಿಂತ ಬೆಂಕಿಯನ್ನು ಬೇಗ ಅರಿಯುವ ವಿದ್ಯೆ ದೊಡ್ಡದು.

ಇದಕ್ಕೆ ನಮ್ಮ ಮುಂಬಯಿಯೇ ಸಾಕ್ಷಿಯಾಗಿದೆ. 1944ರ ಎಪ್ರಿಲ್ 14ರಂದು ಅಲ್ಲಿಯ ವಿಕ್ಟೋರಿಯಾ ಗೋದಿಯಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ನಿಂತಿತ್ತು. ಅದರ ಹೊಟ್ಟೆಯಲ್ಲಿ ಯುದ್ಧದ ಸ್ಫೋಟಕಗಳಿದ್ದುವು. ಕರಾಚಿಯಲ್ಲಿ ಹೇರಿದ ಸಾವಿರಾರು ಹತ್ತಿಯ ಬೇಲುಗಳೂ ಇದ್ದುವು. ಹತ್ತಿಯಲ್ಲಿ ಎಲ್ಲಿಯೋ ಸೇರಿದ ಕಿಡಿಯ ಸುಳಿವು ಹಡಗಿನವರಿಗೆ ಸಿಕ್ಕುದು ಮಧ್ಯಾಹ್ನ ಸುಮಾರು 2 ಗಂಟೆಗೆ. ಆಮೇಲೆ 900 ಟನ್ನಿಗೂ ಮಿಕ್ಕಿ ನೀರು ಸುರಿದರೂ, ಹೊಗೆಯ ದಟ್ಟಣೆಯಲ್ಲಿ ಬೆಂಕಿಯ ಮೂಲ ಯಾರಿಗೂ ಸಿಕ್ಕಲಿಲ್ಲ. 4 ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಹಡಗು ಸಿಡಿದು ಎರಡು ತುಂಡಾಯಿತು. ಸತ್ತವರ ಸಂಖ್ಯೆಯನ್ನು 800ರಿಂದ 1300ರವರೆಗೆ ಬೇರೆಬೇರೆಯಾಗಿ ಹೇಳುತ್ತಾರೆ. ಅವರಲ್ಲಿ ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದ 66 ಜನರಿದ್ದರು. ಅವರ ಸ್ಮರಣೆಗಾಗಿಯೇ ಪ್ರತಿ ವರ್ಷ ಎಪ್ರಿಲ್ 14ರಿಂದ ದೇಶದಾದ್ಯಂತ ಅಗ್ನಿಶಾಮಕ ಸಪ್ತಾಹವನ್ನು ಆಚರಿಸುತ್ತಾರೆ.

ಬೇಗ ಅರಿಯುವುದು ಹೇಗೆ? ಹಿಂದಿನ ಕಾಲದಲ್ಲಿ ಇದು ಮನುಷ್ಯನ ಕಣ್ಣು, ಮೂಗು, ಗಂಟಲುಗಳ ಕೆಲಸವಾಗಿತ್ತು. ಊರ ತಳವಾರನು ಕೂಗುತ್ತಿದ್ದನು. ಗುಡಿಯ ಗಂಟೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸಿದರೆ ಜನ ಕೊಡ ಹಿಡಿದು ಓಡಿ ಬರುತ್ತಿದ್ದರು. ಪಟ್ಟಣಗಳು ಬೆಳೆದಂತೆ ಕೂಗು ಸಾಲದಾಯಿತು. ಅಮೇರಿಕೆಯ ಬೋಸ್ಟನ್ ನಗರದಲ್ಲಿ ವಿಲಿಯಂ ಚಾನಿಂಗ್ ಎಂಬ ವೈದ್ಯನೂ ಮೋಸೆಸ್ ಫಾರ್ಮರ್ ಎಂಬ ತಂತ್ರಜ್ಞನೂ ಕೂಡಿ ತಂತಿ ಟಪಾಲಿನ ವಿದ್ಯೆಯನ್ನು ಈ ಕೆಲಸಕ್ಕೆ ಹಚ್ಚಿದರು. 1852ರಲ್ಲಿ ಅಲ್ಲಿಯ ಬೀದಿಗಳಲ್ಲಿ ಚಿಕ್ಕ ಪೆಟ್ಟಿಗೆಗಳನ್ನು ನಿಲ್ಲಿಸಿದರು. ಪೆಟ್ಟಿಗೆಯ ಹಿಡಿಕೆಯನ್ನು ತಿರುಗಿಸಿದೊಡನೆ ಆ ಪೆಟ್ಟಿಗೆಯ ಸಂಖ್ಯೆಯು ತಂತಿಯ ಮೂಲಕ ಕೇಂದ್ರ ಕಚೇರಿಗೆ ಮುಟ್ಟುತ್ತಿತ್ತು. ಮುಂದೆ ಜಾನ್ ಗೇಮ್‌ವೆಲ್ ಎಂಬವನು ಇದರ ಹಕ್ಕುಗಳನ್ನು ಕೊಂಡು ಊರೂರುಗಳಿಗೆ ಹಬ್ಬಿಸಿದನು.

ಈ ಪೆಟ್ಟಿಗೆಗೆ ವೇಗವಿತ್ತು, ಕಣ್ಣಿರಲಿಲ್ಲ. ಹಿಡಿಕೆ ತಿರುಗಿಸಲು ಎಚ್ಚರವಾಗಿರುವ ಮನುಷ್ಯನೊಬ್ಬ ಬೇಕೇ ಬೇಕು. ಈ ಕೊರತೆಯನ್ನು ನೀಗಲು ಹೊರಟವರಲ್ಲಿ ಎಡಿಸನ್ನನ ಸಹಾಯಕನಾಗಿದ್ದ ಫ್ರಾನ್ಸಿಸ್ ಅಪ್ಟನ್ ಒಬ್ಬನು. 1890ರಲ್ಲಿ ಅವನೂ ಅವನ ಜೊತೆಗಾರನೂ ವಿದ್ಯುತ್ತಿನ ಬೆಂಕಿಗಂಟೆಯೊಂದಕ್ಕೆ ಹಕ್ಕುಪತ್ರ ಪಡೆದರು. ಇಂಗ್ಲಂಡಿನ ಬರ್ಮಿಂಗ್‌ಹ್ಯಾಮಿನ ಜಾರ್ಜ್ ಡಾರ್ಬಿ 1902ರಲ್ಲಿ ಕೋಣೆಯ ಶಾಖ ಮಿತಿಮೀರಿದರೆ ತಾನಾಗಿ ವಿದ್ಯುತ್ತಿನ ಸುತ್ತು ಕೂಡಿಕೊಂಡು ಗಂಟೆ ಬಾರಿಸುವ ಉಪಕರಣವನ್ನು ರಚಿಸಿದನು. ಆದರೆ ಶಾಖವೆಂಬುದು ಬೆಂಕಿಯ ತಡವಾದ ದೂತ. ಮಾಳಿಗೆ ಕಾಯುವಷ್ಟರಲ್ಲಿ ಮಲಗಿದವನು ಹೊಗೆ ಕುಡಿದು ಪ್ರಜ್ಞೆ ತಪ್ಪಿರುತ್ತಾನೆ. ಬೆಂಕಿಯ ಅನಾಹುತಗಳಲ್ಲಿ ಉರಿಗಿಂತ ಹೊಗೆಯೇ ಹೆಚ್ಚು ಜನರನ್ನು ಕೊಲ್ಲುತ್ತದೆ. ನಿದ್ದೆಯಲ್ಲಿರುವವನ ಮೂಗು ಕೂಡ ನಿದ್ದೆಯಲ್ಲಿರುತ್ತದೆ. ಹೊಗೆಯ ವಾಸನೆ ತನ್ನನ್ನು ಎಬ್ಬಿಸೀತೆಂದು ಯಾರೂ ನಂಬಬಾರದು.

ಹೊಗೆಯನ್ನೇ ಅರಿಯುವ ಯಂತ್ರವು ಹುಟ್ಟಿದ ಬಗೆ ವಿನೋದಕರವಾಗಿದೆ. 1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲಂಡಿನ ವಾಲ್ಟರ್ ಯೇಗರ್ ಎಂಬ ಭೌತಶಾಸ್ತ್ರಜ್ಞನು ವಿಷಾನಿಲವನ್ನು ಪತ್ತೆಹಚ್ಚುವ ಉಪಕರಣಕ್ಕಾಗಿ ಹೆಣಗುತ್ತಿದ್ದನು. ಉಪಕರಣವು ವಿಷಾನಿಲಕ್ಕೆ ಮಿಸುಕಲಿಲ್ಲ. ಬೇಸರಗೊಂಡು ಅವನು ಒಂದು ಸಿಗರೇಟು ಹೊತ್ತಿಸಿದನಂತೆ; ಮಾಪಕದ ಮುಳ್ಳು ತಟ್ಟನೆ ಇಳಿಯಿತು. ಹುಡುಕಿದ್ದು ಅನಿಲವನ್ನು, ಸಿಕ್ಕಿದ್ದು ಹೊಗೆ. ಅವನೂ ಅವನ ಜೊತೆಗಾರ ಅರ್ನ್ಸ್ಟ್ ಮೈಲಿಯೂ ಕೂಡಿ 1941ರಲ್ಲಿ ಬಾಡ್ ರಗಾಟ್ಸ್ ಎಂಬ ಊರಿನಲ್ಲಿ ಒಂದು ಕಾರಖಾನೆಯನ್ನು ತೆರೆದು ಅದಕ್ಕೆ ಸರ್ಬೆರಸ್ ಎಂದು ಹೆಸರಿಟ್ಟರು. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಗೆ ಆ ಹೆಸರು. ನಮ್ಮ ಯಮನ ದಾರಿಯನ್ನು ಕಾಯುವ ಶ್ಯಾಮ, ಶಬಲ ಎಂಬ ನಾಯಿಗಳನ್ನು ಬಲ್ಲ ಓದುಗರಿಗೆ ಈ ಹೆಸರಿನ ಔಚಿತ್ಯ ತಾನಾಗಿ ಹೊಳೆಯುತ್ತದೆ.

ಸರ್ಬೆರಸ್ಸಿನ ಸೂಚಕಗಳು ಕೆಲಸದಲ್ಲಿ ಚೊಕ್ಕಟವಾಗಿದ್ದುವು, ಬೆಲೆಯಲ್ಲಿ ಮಾತ್ರ ಬಡವರಿಗೆ ನಿಲುಕದಂತಿದ್ದುವು. 1950ರ ದಶಕದಲ್ಲಿ ಅವು ಅಮೇರಿಕೆಗೆ ಬಂದರೂ ದೊಡ್ಡ ಗಿರಣಿ, ದೊಡ್ಡ ಗೋದಾಮುಗಳ ಹೊಸ್ತಿಲನ್ನು ದಾಟಿ ಸಾಮಾನ್ಯರ ಮನೆಗೆ ಬರಲಿಲ್ಲ. ಮನೆಯ ಮಾಳಿಗೆಗೆ ಅದನ್ನು ತಂದ ಕೀರ್ತಿಯು ಕೊಲರಾಡೋ ಸಂಸ್ಥಾನದ ಒಂದು ಚಿಕ್ಕ ಕಾರಖಾನೆಗೆ ಸಲ್ಲುತ್ತದೆ. ಅದರ ಹೆಸರು ಸ್ಟ್ಯಾಟಿಟ್ರಾಲ್.

ಅದನ್ನು ಹೂಡಿದವನು ಡುವೇನ್ ಪಿಯರ್ಸಾಲ್. 1922ರಲ್ಲಿ ಹುಟ್ಟಿದ ಇವನು ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ವಿಮಾನ ನಡೆಸಿದವನು. ಯುದ್ಧಾನಂತರ ಡೆನ್ವರ್ ನಗರದಲ್ಲಿ ಕಟ್ಟಡಗಳಿಗೆ ಗಾಳಿ ಮತ್ತು ಶಾಖ ಒದಗಿಸುವ ಉಪಕರಣಗಳ ವ್ಯಾಪಾರ ಮಾಡುತ್ತಿದ್ದನು. ಬೆಂಕಿಯ ವಿಷಯ ಮೊದಲು ಅವನ ಮನಸ್ಸಿನಲ್ಲಿಯೇ ಇರಲಿಲ್ಲ. ಛಾಯಾಚಿತ್ರಗಳನ್ನು ತೊಳೆಯುವ ಕತ್ತಲೆ ಕೋಣೆಗಳಲ್ಲಿ ಸ್ಥಿರ ವಿದ್ಯುತ್ತಿನಿಂದ ಫಿಲ್ಮಿಗೆ ಧೂಳು ಅಂಟಿಕೊಳ್ಳುತ್ತದೆ. ಅದನ್ನು ತಡೆಯಲು ಗಾಳಿಗೆ ವಿದ್ಯುತ್ಕಣಗಳನ್ನು ಬಿಡುವ ಯಂತ್ರವೊಂದನ್ನು ಅವನ ಕಾರಖಾನೆ ರಚಿಸುತ್ತಿತ್ತು. ಕಾರಖಾನೆಯ ಹೆಸರು ಹುಟ್ಟಿದ್ದೂ ಆ ಸ್ಥಿರ ವಿದ್ಯುತ್ತಿನಿಂದಲೇ. 1960ರ ದಶಕದ ಮೊದಲ ವರ್ಷಗಳಲ್ಲಿ ಒಂದು ದಿನ ಪರೀಕ್ಷೆ ನಡೆದಾಗ ಹತ್ತಿರವಿದ್ದ ಕೆಲಸಗಾರನ ಸಿಗರೇಟಿನ ಹೊಗೆ ಬೀಸಿತು. ಮಾಪಕದ ಮುಳ್ಳು ಸೊನ್ನೆಗೆ ಬಿದ್ದಿತು. ಯೇಗರನಿಗೆ ಆದ ಅನುಭವವೇ ಸಾಗರದ ಈಚೆ ಮರುಕಳಿಸಿತು. ಇದನ್ನು ದೋಷವೆಂದು ಬಗೆದು ಕೈಬಿಡಬಹುದಾಗಿತ್ತು. ಪಿಯರ್ಸಾಲ್ ಹಾಗೆ ಮಾಡದೆ, ಅದು ಇನ್ನೊಂದು ಯಂತ್ರದ ಬೀಜವೆಂದು ಕಂಡುಕೊಂಡನು.

1965ರಿಂದ ಮುಂದೆ ಅವನೂ ಅವನ ತಂತ್ರಜ್ಞರೂ ಸೂಚಕವನ್ನು ಅಗ್ಗ ಮಾಡುವ, ಚಿಕ್ಕದು ಮಾಡುವ, ಮನೆಯ ತಂತಿಗಳನ್ನು ಮುಟ್ಟದೆ ಬ್ಯಾಟರಿಯಿಂದಲೇ ನಡೆಸುವ ಮೂರು ತೊಡಕುಗಳೊಡನೆ ಸೆಣಸಿದರು. ಇವುಗಳಲ್ಲಿ ಮೂರನೆಯದು ಬಹು ಮುಖ್ಯ. ಗೋಡೆಯೊಳಗೆ ತಂತಿ ಎಳೆಯಬೇಕಾದರೆ ಬಾಡಿಗೆ ಮನೆಯವನು, ಹಳೆಯ ಮನೆಯವನು ಹಿಂಜರಿಯುತ್ತಾನೆ. ಮೇಲಾಗಿ ಬೆಂಕಿಯು ಮೊದಲು ಕಡಿಯುವುದು ತಂತಿಯನ್ನೇ. ಅವರು ಮಾಡಿದ ವಸ್ತುವಿಗೆ ಸ್ಮೋಕ್‌ಗಾರ್ಡ್ ಎಂದು ಹೆಸರು. ಮೊದಲನೆಯ ಮಾದರಿಯು ಉಕ್ಕಿನ ಹೊದಿಕೆಯದು, ಜೇನುಗೂಡಿನ ಆಕಾರದ್ದು. ಅದರಲ್ಲಿ ವಿಶೇಷವಾಗಿ ಮಾಡಿಸಿದ, ಮತ್ತೆ ಮತ್ತೆ ತುಂಬಿಸುವ ಬ್ಯಾಟರಿ ಇತ್ತು. ಆ ಬ್ಯಾಟರಿಯು ತೀರಿದಾಗ ಕೊಂಡವರು ಪೇಚಿಗೆ ಬಿದ್ದರು. ಆದುದರಿಂದ ಕಾರಖಾನೆಯವರು ಯಾವ ಅಂಗಡಿಯಲ್ಲಿಯೂ ದೊರೆಯುವ ಸಾಮಾನ್ಯ ಸೆಲ್ಲುಗಳಿಗೆ ಒಗ್ಗುವಂತೆ ಅದನ್ನು ತಿದ್ದಿದರು. ಉಕ್ಕಿನ ಬದಲು ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿದರು. ಕೊಳ್ಳುವವನ ಕಷ್ಟದಿಂದ ಕಾರಖಾನೆ ಕಲಿತ ಪಾಠವಿದು. 1970ರ ದಶಕದ ನಡುವೆ ಆ ಚಿಕ್ಕ ಕಾರಖಾನೆಯಿಂದ ದಿನಕ್ಕೆ 500ರಷ್ಟು ಸೂಚಕಗಳು ಹೊರಬೀಳುತ್ತಿದ್ದುವು. 1976ರಲ್ಲಿ ಪಿಯರ್ಸಾಲನಿಗೆ ಅಮೇರಿಕೆಯ ವರ್ಷದ ಸಣ್ಣ ಉದ್ಯಮಿಯೆಂಬ ರಾಷ್ಟ್ರೀಯ ಗೌರವ ಸಂದಿತು. ಮುಂದೆ ಕೆಲವು ವರ್ಷಗಳಲ್ಲಿ ಕಾರಖಾನೆಯು ಎಮರ್ಸನ್ ಇಲೆಕ್ಟ್ರಿಕ್ ಎಂಬ ದೊಡ್ಡ ಸಂಸ್ಥೆಯ ಕೈಸೇರಿತು. ಪಿಯರ್ಸಾಲ್ 2010ರಲ್ಲಿ ತೀರಿಕೊಂಡನು. ಸ್ಟ್ಯಾಟಿಟ್ರಾಲಿನ ಹೆಸರನ್ನು ಇಂದು ಬಲ್ಲವರು ಕಡಮೆ. ಅದು ತೋರಿದ ದಾರಿಯಲ್ಲಿ ಹುಟ್ಟಿದ ಯಂತ್ರಗಳು ಲಕ್ಷೋಪಲಕ್ಷ ಮನೆಗಳಲ್ಲಿವೆ.

ವಿದ್ಯಾರ್ಥಿಗಳಿಗಾಗಿ ಈ ಯಂತ್ರದ ಒಳಗುಟ್ಟನ್ನು ಎರಡು ಮಾತುಗಳಲ್ಲಿ ಹೇಳುವೆನು. ಹೊಗೆಸೂಚಕದಲ್ಲಿ ಮುಖ್ಯವಾಗಿ ಎರಡು ಜಾತಿ. ಸ್ಮೋಕ್‌ಗಾರ್ಡಿನ ಜಾತಿಯಲ್ಲಿ ಅಂಗೈಯೊಳಗೆ ಹಿಡಿಸುವ ಒಂದು ಗೂಡು, ಅದರಲ್ಲಿ ವಿಕಿರಣ ಬೀರುವ ವಸ್ತುವಿನ ಅತಿಸೂಕ್ಷ್ಮ ಕಣ. ಇಂಥ ಸೂಚಕಗಳಲ್ಲಿ ಬಳಕೆಗೆ ನಿಂತ ವಸ್ತು ಅಮೇರಿಸಿಯಂ. ಅದರ ಪ್ರಮಾಣವು ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಮೆ. ಅದರ ಕಿರಣಗಳು ಗೂಡಿನ ಗಾಳಿಯನ್ನು ವಿದ್ಯುತ್ಕಣಗಳನ್ನಾಗಿ ಒಡೆಯುತ್ತವೆ. ಆ ಕಣಗಳ ಮೂಲಕ ಸಣ್ಣದೊಂದು ವಿದ್ಯುತ್ ಪ್ರವಾಹ ಎಡೆಬಿಡದೆ ಹರಿಯುತ್ತದೆ. ಹೊಗೆ ಒಳಹೊಕ್ಕರೆ ವಿದ್ಯುತ್ಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಪ್ರವಾಹ ಕುಗ್ಗುತ್ತದೆ, ಕುಗ್ಗಿದೊಡನೆ ಯಂತ್ರ ಕಿರಿಚುತ್ತದೆ. ಆ ಕಿರಣವನ್ನು ಒಂದು ಹಾಳೆ ಕಾಗದವೂ ತಡೆಯಬಲ್ಲದು. ಆದರೂ ಇಂಥ ಸೂಚಕವನ್ನು ಮಕ್ಕಳು ಒಡೆದು ನೋಡಕೂಡದು.

ಎರಡನೆಯ ಜಾತಿಯನ್ನು ತಿಳಿಯಲು ನಮ್ಮ ಹೆಂಚಿನ ಮನೆಯೇ ಪ್ರಯೋಗಶಾಲೆ. ಬೆಳಗಿನಲ್ಲಿ ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲುಕೋಲನ್ನು ನೋಡಿರಿ. ಗಾಳಿ ಶುದ್ಧವಾಗಿದ್ದರೆ ಅದು ಕಾಣುವುದೇ ಇಲ್ಲ. ಅವ್ವ ಒಲೆ ಹೊತ್ತಿಸಿದೊಡನೆ ಹೊಗೆಯ ಕಣಗಳಿಗೆ ತಾಗಿ ಬೆಳಕು ನಾಲ್ಕೂ ಕಡೆಗೆ ಚದುರಿ, ಕೋಲು ಕಣ್ಣಿಗೆ ಎದ್ದು ಕಾಣುತ್ತದೆ. ಸೂಚಕದ ಕತ್ತಲೆ ಗೂಡಿನಲ್ಲಿಯೂ ಒಂದು ಚಿಕ್ಕ ದೀಪವಿದೆ, ಓರೆಯಾಗಿ ಕೂರಿಸಿದ ಒಂದು ಬೆಳಕಿನ ಕಣ್ಣೂ ಇದೆ. ಹೊಗೆ ಬಂದಾಗ ಮಾತ್ರ ಬೆಳಕು ಚದುರಿ ಆ ಕಣ್ಣಿಗೆ ಬೀಳುತ್ತದೆ. ಧಗ್ಗೆಂದು ಉರಿಯುವ ಬೆಂಕಿಯನ್ನು ಮೊದಲನೆಯ ಜಾತಿ ಬೇಗ ಅರಿಯುತ್ತದೆ. ಹತ್ತಿಯಂತೆ ಒಳಗೆ ಕನಲುವ ಬೆಂಕಿಯನ್ನು ಎರಡನೆಯದು ಬೇಗ ಅರಿಯುತ್ತದೆ.

ಹಾಗೆಂದು ಈ ಗಂಟೆಯನ್ನು ಎಲ್ಲಿ ಬೇಕಾದಲ್ಲಿ ತೂಗುಹಾಕಿದರೆ ಆಗದು. ಮಗ್ಗದ ಶೆಡ್ಡಿನಲ್ಲಿ ಹಾರುವ ಹತ್ತಿಯ ಎಳೆಧೂಳನ್ನು ಹೊಗೆಯೆಂದು ಬಗೆದು ಅದು ದಿನವೂ ಕೂಗೀತು. ತೋಳ ಬಂತೆಂದು ಸುಳ್ಳು ಕೂಗಿದ ಹುಡುಗನ ಕಥೆ ನಮ್ಮ ಮಕ್ಕಳಿಗೆ ಗೊತ್ತು. ದಿನವೂ ಸುಳ್ಳು ಕೂಗುವ ಯಂತ್ರದ ಬಾಯಿಯನ್ನು ಜನ ಬಟ್ಟೆ ತುರುಕಿ ಮುಚ್ಚುತ್ತಾರೆ. ಆದುದರಿಂದ ಗಿರಣಿಗಳಲ್ಲಿ ಬೇರೆ ಉಪಾಯಗಳಿವೆ. ನೂಲಿನ ಗಿರಣಿಯ ಬ್ಲೋರೂಮಿನಲ್ಲಿ ಹತ್ತಿಯನ್ನು ಬಡಿದು ಬಿಡಿಸುವಾಗ ಅದರಲ್ಲಿ ಸೇರಿದ ಮೊಳೆಯ ಚೂರು ಯಂತ್ರಕ್ಕೆ ತಾಗಿ ಕಿಡಿ ಹಾರುವುದುಂಟು. ಅದಕ್ಕಾಗಿ ದಾರಿಯಲ್ಲಿ ಅಯಸ್ಕಾಂತಗಳನ್ನಿಟ್ಟು ಕಬ್ಬಿಣವನ್ನು ಮೊದಲೇ ಹಿಡಿಯುತ್ತಾರೆ. ಹತ್ತಿ ಸಾಗುವ ಕೊಳವೆಯಲ್ಲಿ ಕಿಡಿಯನ್ನೇ ಕಾಣುವ ಸೂಚಕಗಳನ್ನಿಟ್ಟು, ಕಿಡಿ ಕಂಡ ಹತ್ತಿಯನ್ನು ಹೊರಗೆ ತಿರುಗಿಸುತ್ತಾರೆ. ದೊಡ್ಡ ಗಿರಣಿಗೆ ಇದೆಲ್ಲ ಸಾಧ್ಯ. ನಾಲ್ಕು ಮಗ್ಗ ಹೂಡಿ, ಅದರ ಮೇಲೆಯೋ ಮಗ್ಗುಲಿಗೋ ಸಂಸಾರ ಹೂಡಿದ ಚಿಕ್ಕ ಮಾಲೀಕನಿಗೆ, ಅವನ ಕೆಲಸಗಾರನಿಗೆ ಬೇಕಾದುದು ಬ್ಯಾಟರಿಯ ಆ ಚಿಕ್ಕ ಗಂಟೆಯೇ. ಅದು ಶೆಡ್ಡಿನಲ್ಲಲ್ಲ, ಮಲಗುವ ಕೋಣೆಯ ಮಾಳಿಗೆಯಲ್ಲಿ.

ಅದರ ಫಲವೆಷ್ಟೆಂಬುದನ್ನು ಅಮೇರಿಕೆಯ ಲೆಕ್ಕ ತಿಳಿಸುತ್ತದೆ. 1980ರಲ್ಲಿ ಅಲ್ಲಿ ಮನೆಯ ಬೆಂಕಿಗಳಿಂದ 5000ಕ್ಕೂ ಹೆಚ್ಚು ಜನ ಸತ್ತರು; 2020ರಲ್ಲಿ ಆ ಸಂಖ್ಯೆಯು ಸುಮಾರು ಅರ್ಧಕ್ಕೆ ಇಳಿದಿತ್ತು. ಕೀರ್ತಿಯೆಲ್ಲವೂ ಈ ಗಂಟೆಯದಲ್ಲ, ದೊಡ್ಡ ಪಾಲು ಅದರದು. ಇಂದಿಗೂ ಅಲ್ಲಿ ಮನೆಯ ಬೆಂಕಿಯಲ್ಲಿ ಸಾಯುವ ಐವರಲ್ಲಿ ಸುಮಾರು ಮೂವರು ಗಂಟೆಯೇ ಇಲ್ಲದ ಅಥವಾ ಇದ್ದ ಗಂಟೆ ನಡೆಯದ ಮನೆಗಳಲ್ಲಿ ಸಾಯುತ್ತಾರೆ. ನಡೆಯದಿರಲು ಮುಖ್ಯ ಕಾರಣ ಸತ್ತ ಬ್ಯಾಟರಿ, ಇಲ್ಲವೆ ಕಿತ್ತಿಟ್ಟ ಬ್ಯಾಟರಿ. ಪಿಯರ್ಸಾಲ್ ಗಂಟೆಯನ್ನು ಮಾಡಿಕೊಟ್ಟನು. ಅದರ ಸೆಲ್ಲನ್ನು ಬದಲಿಸುವ ಕೈ ಮನೆಯವರದೇ ಆಗಬೇಕು.

ಅಧ್ಯಾಪಕ ಬಂಧುಗಳೇ, ಈ ಮಾತು ಶಾಲೆಗೂ ಸಲ್ಲುತ್ತದೆ. 1958ರ ಡಿಸೆಂಬರ್ 1ರಂದು ಚಿಕಾಗೋ ನಗರದ ಒಂದು ಶಾಲೆಯಲ್ಲಿ ನೆಲಮಾಳಿಗೆಯ ಮೆಟ್ಟಿಲ ಬುಡಕ್ಕೆ ಬೆಂಕಿ ಹತ್ತಿತು. ಶಾಲೆಯಲ್ಲಿ ಬೆಂಕಿಯ ಗಂಟೆ ಇತ್ತು. ಅದು ಅಗ್ನಿಶಾಮಕ ಠಾಣೆಗೆ ಜೋಡಿಸಿದ್ದಲ್ಲ, ಕೈಯಿಂದ ಬಾರಿಸಬೇಕಾದದ್ದು. ಅದು ಬಾರಿಸುವ ಹೊತ್ತಿಗೆ ಮೇಲಂತಸ್ತಿನ ಪಡಸಾಲೆ ಹೊಗೆಯಿಂದ ಮುಚ್ಚಿಹೋಗಿತ್ತು. 92 ಮಕ್ಕಳೂ ಅವರಿಗೆ ಪಾಠ ಹೇಳುತ್ತಿದ್ದ 3 ಜನ ಸಂನ್ಯಾಸಿನಿಯರೂ ತೀರಿಕೊಂಡರು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಬಿಸಿಯೂಟದ ಅಡಿಗೆಮನೆಯ ಬೆಂಕಿ ಗರಿಯ ಮಾಡಿಗೆ ಏರಿ 94 ಮಕ್ಕಳನ್ನು ಬಲಿ ತೆಗೆದುಕೊಂಡಿತು. ಇದಾದ ಮೇಲೆ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವುದು ಮಗುವಿನ ಹಕ್ಕೆಂದು ಸಾರಿ, ಶಾಲೆಗಳಲ್ಲಿ ಬೆಂಕಿ ಆರಿಸುವ ಉಪಕರಣಗಳೂ ಅವುಗಳನ್ನು ಬಳಸುವ ಶಿಕ್ಷಣವೂ ಇರಲೇಬೇಕೆಂದು ವಿಧಿಸಿತು. ಆ ಎರಡು ಶಾಲೆಗಳ ಮಕ್ಕಳು ಮಲಗಿರಲಿಲ್ಲ. ಹಗಲು ಹೊತ್ತಿನಲ್ಲಿ, ಗುರುಗಳ ಕಣ್ಣೆದುರಿನಲ್ಲಿ, ಪುಸ್ತಕ ತೆರೆದು ಕುಳಿತಿದ್ದರು.

ನಮ್ಮ ಶಾಲೆಗಳಲ್ಲಿ ಗಂಟೆಗೆ ಕೊರತೆಯಿಲ್ಲ. ಪ್ರಾರ್ಥನೆಗೊಂದು, ಊಟಕ್ಕೊಂದು, ಮನೆಗೆ ಬಿಡಲೊಂದು ಬಾರಿಸುತ್ತೇವೆ. ಇವುಗಳಿಗಿಂತ ಬೇರೆಯಾದ, ಎಡೆಬಿಡದೆ ಬಡಿಯುವ ಒಂದು ಗಂಟೆಯನ್ನು ಬೆಂಕಿಗೆಂದೇ ಗೊತ್ತುಮಾಡಿ, ತಿಂಗಳಿಗೊಮ್ಮೆ ಮಕ್ಕಳನ್ನು ಸಾಲಾಗಿ ಹೊರಗೆ ಕರೆದೊಯ್ದು, ಮರದ ಕೆಳಗೆ ನಿಲ್ಲಿಸಿ ಹಾಜರಿ ಎಣಿಸಿದರೆ ಬೀಳುವ ವೆಚ್ಚ ಒಂದು ಪೈಯೂ ಅಲ್ಲ. ನಾವು ಇದನ್ನು ಕಳೆದ ವರ್ಷದಿಂದ ಮಾಡುತ್ತಿದ್ದೇವೆ. ಮೊದಲ ಸಲ ಮಕ್ಕಳು ನಗುತ್ತ, ನೂಕಾಡುತ್ತ ಹೊರಬಂದರು. ನಾಲ್ಕನೆಯ ಸಲಕ್ಕೆ ಹಿರಿಯ ಹುಡುಗಿಯರು ತಾವಾಗಿಯೇ ಒಂದನೆಯ ತರಗತಿಯ ಕೂಸುಗಳ ಕೈ ಹಿಡಿದಿದ್ದರು.

ನನ್ನನ್ನು ಪ್ರಶ್ನೆ ಕೇಳಿದ ಹುಡುಗನಿಗೆ ಸ್ಟ್ಯಾಟಿಟ್ರಾಲಿನ ಕಥೆಯನ್ನೂ ಹೇಳಿದೆನು. ಅವನು ಅದನ್ನು ಮನೆಯಲ್ಲಿ ಹೇಳಿದನಂತೆ. ದೀಪಾವಳಿಯ ಮುಂದೆ ಅವನ ತಂದೆ ಅಂಥದೊಂದು ಗಂಟೆಯನ್ನು ಕೊಂಡುತಂದು ಮಕ್ಕಳು ಮಲಗುವ ಕೋಣೆಯ ಜಂತಿಗೆ ಮೊಳೆ ಹೊಡೆದು ಕೂರಿಸಿದರು. ಪ್ರತಿ ತಿಂಗಳ ಒಂದನೆಯ ತಾರೀಖಿಗೆ ಅದರ ಗುಂಡಿ ಒತ್ತಿ, ಕೂಗುತ್ತದೆಯೋ ಇಲ್ಲವೋ ಎಂದು ನೋಡುವ ಕೆಲಸವನ್ನು ಹುಡುಗನಿಗೇ ಒಪ್ಪಿಸಿದ್ದಾರೆ.